ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಪ್ರಸಂಗಗಳಲ್ಲಿ ಪಾಪ ಮತ್ತು ಶಿಕ್ಷೆ: ಬೈಬಲ್ ಎಲ್ಲಿ ಅಡಗಿದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಸುಮ್ನೆ ಹವ್ಯಾಸಕ್ಕೆ ಅಂತ ಹಳೆಯ ಇಂಗ್ಲಿಷ್ ಕಲಿಯಲು ಶುರು ಮಾಡಿದೆ. ಈಗ ವುಲ್ಫ್‌ಸ್ಟನ್ ಎಂಬ ಆರ್ಚ್‌ಬಿಷಪ್ಪನ ಪ್ರಸಂಗದ (ಅಂದರೆ ಚರ್ಚಿನ ಧರ್ಮಬೋಧನೆಯ) ಮುಂದೆ ಕೂತಿದ್ದೇನೆ. ಅದರ ಹೆಸರು ‘ಸೆರ್ಮೊ ಲೂಪಿ ಆದ್ ಆಂಗ್ಲೋಸ್’, ಅಂದರೆ ಇಂಗ್ಲಿಷರಿಗೆ ತೋಳ ಹೇಳಿದ ಮಾತು. ತನ್ನ ಹೆಸರಲ್ಲೇ ‘ವುಲ್ಫ್’ ಇರುವುದರಿಂದ ಲ್ಯಾಟಿನ್‌ನಲ್ಲಿ ಲೂಪಸ್, ಅಂದರೆ ತೋಳ, ಅಂತ ಕರೆದುಕೊಳ್ಳುತ್ತಿದ್ದ. ಒಂದು ಹಸ್ತಪ್ರತಿಯ ತಲೆಬರಹದಲ್ಲಿ 1014 ಅಂತ ಇಸವಿ ಇದೆ. ಡೆನ್ಮಾರ್ಕಿನ ಕಡೆಯಿಂದ ಬಂದ ಡೇನರು ಇಂಗ್ಲೆಂಡನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದ ಕಾಲ.

ನನ್ನ ಸಮಸ್ಯೆ ಇಷ್ಟೇ. ಈ ಪ್ರಸಂಗ ಬೈಬಲಿನಲ್ಲಿ ನೆಂದು ಹೋಗಿದೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಪೆನ್ಸಿಲ್ ಹಿಡಿದು ಕೂತು ಹುಡುಕಿದೆ. ‘ಯೆಶಾಯ ಹೀಗೆ ಹೇಳಿದ್ದಾನೆ’, ‘ಮತ್ತಾಯನಲ್ಲಿ ಹೀಗಿದೆ’ ಅಂತ ನೇರವಾಗಿ ಎತ್ತಿ ಹೇಳುವ ವಚನ ಕೈಗೆ ಸಿಗಲಿಲ್ಲ. ಹಾಗಾದರೆ ಬೈಬಲ್ ಎಲ್ಲಿದೆ? ಓದಿದವರು ದಯವಿಟ್ಟು ಹೇಳಿ.

ಯಕ್ಷಪ್ರೇಮಿ:
‘ಪ್ರಸಂಗ’ ಅಂತ ನೋಡಿ ಓಡಿ ಬಂದೆ ಮಾರಾಯ್ರೆ. ಚೆಂಡೆ ಇಲ್ಲ, ಭಾಗವತರಿಲ್ಲ. ಇರಲಿ, ಬಂದದ್ದಕ್ಕೆ ಕೂತು ಕೇಳುತ್ತೇನೆ.

ಅಡಿಟಿಪ್ಪಣಿ:
ತುಂಗಾತೀರ ಅವರೇ, ನೀವು ಹುಡುಕಿದ ರೀತಿಯೇ ಸ್ವಲ್ಪ ತಪ್ಪು ಅಂತ ನನಗನ್ನಿಸುತ್ತದೆ. ವಚನ ಹುಡುಕಬೇಡಿ, ಪಟ್ಟಿ ಹುಡುಕಿ.

ಮೋಶೆಯ ಧರ್ಮಶಾಸ್ತ್ರದಲ್ಲಿ ಯಾಜಕಕಾಂಡ 26ನೇ ಅಧ್ಯಾಯ ತೆಗೆಯಿರಿ. ಮೊದಲು ಆಶೀರ್ವಾದ. ನನ್ನ ಮಾತು ಕೇಳಿದರೆ ಕಾಲಕ್ಕೆ ಮಳೆ, ಹೊಲ ತುಂಬ ಬೆಳೆ, ನೆಮ್ಮದಿಯ ನಿದ್ದೆ. ನಿಮ್ಮಲ್ಲಿ ಐವರು ನೂರು ಜನರನ್ನು ಓಡಿಸುತ್ತೀರಿ. ಆಮೇಲೆ ಶಾಪ. ಕೇಳದಿದ್ದರೆ ರೋಗ, ಬರ, ಕತ್ತಿ. ಆಕಾಶ ಕಬ್ಬಿಣದ ಹಾಗೆ, ನೆಲ ಕಂಚಿನ ಹಾಗೆ. ಹತ್ತು ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಡಬೇಕು, ಅದನ್ನೂ ತೂಕ ಹಾಕಿ ಕೊಡಬೇಕು. ಯಾರೂ ಅಟ್ಟಿಸಿಕೊಂಡು ಬರದಿದ್ದರೂ ನೀವು ಓಡುತ್ತೀರಿ. ಉದುರಿದ ಎಲೆಯ ಸದ್ದಿಗೂ ಬೆಚ್ಚುತ್ತೀರಿ.

ಈಗ ವುಲ್ಫ್‌ಸ್ಟನ್ ಏನು ಹೇಳುತ್ತಾನೆ ನೋಡಿ. ಯುದ್ಧದಲ್ಲಿ ಎಷ್ಟೋ ಸಲ ಅವರ ಕಡೆಯ ಒಬ್ಬ ನಮ್ಮ ಕಡೆಯ ಹತ್ತು ಜನರನ್ನು ಓಡಿಸುತ್ತಾನೆ, ಕೆಲವೊಮ್ಮೆ ಕಮ್ಮಿ, ಕೆಲವೊಮ್ಮೆ ಜಾಸ್ತಿ, ಎಲ್ಲ ನಮ್ಮ ಪಾಪದಿಂದ. ಎರಡು ಮೂರು ಕಡಲ್ಗಳ್ಳರು ಕ್ರೈಸ್ತರ ಹಿಂಡನ್ನೇ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಹೊಡೆದುಕೊಂಡು ಹೋಗುತ್ತಾರೆ.

ಅದೇ ‘ಐವರು ನೂರು ಜನರನ್ನು’ ಅನ್ನುವ ಮಾತು, ತಲೆಕೆಳಗಾಗಿ. ಧರ್ಮೋಪದೇಶಕಾಂಡ 32ರಲ್ಲೂ ಒಬ್ಬ ಸಾವಿರ ಜನರನ್ನು ಓಡಿಸುವ ಮಾತಿದೆ, ಅಲ್ಲಿ ಓಡುವವರು ದೇವರು ಕೈಬಿಟ್ಟ ಜನ. ವುಲ್ಫ್‌ಸ್ಟನ್ ಅಧ್ಯಾಯ, ವಚನ ಹೇಳುವುದಿಲ್ಲ. ನಿನ್ನೆ ಮೊನ್ನೆ ನಡೆದ ಸುದ್ದಿ ಹೇಳುತ್ತಾನೆ. ಶಾಸ್ತ್ರ ಗೊತ್ತಿದ್ದ ಪಾದ್ರಿಗೆ ಮಾತ್ರ ಮೈ ಜುಮ್ಮೆನ್ನಬೇಕು, ಇದು ಪುಸ್ತಕದಲ್ಲಿ ಓದಿದ್ದು, ಈಗ ನಮ್ಮ ಊರ ದಾರಿಯಲ್ಲಿ ನಡೀತಾ ಇದೆಯಲ್ಲ ಅಂತ.

ಇದು ಕಾಕತಾಳೀಯ ಅಂತ ಯಾರೂ ಹೇಳುವ ಹಾಗಿಲ್ಲ. ಇದೇ 26ನೇ ಅಧ್ಯಾಯವನ್ನೇ ಹಿಡಿದು ವುಲ್ಫ್‌ಸ್ಟನ್ ಬೇರೆ ಒಂದು ಪ್ರಸಂಗ ಬರೆದಿದ್ದಾನೆ. ಅಂದರೆ ಈ ಪಟ್ಟಿ ಅವನಿಗೆ ಬಾಯಿಪಾಠ ಇತ್ತು.

ಸುಮ್ನೆಓದುಗ:
ನನ್ನದೊಂದು ಪೆದ್ದು ಪ್ರಶ್ನೆ. ಪಾಪ ಮಾಡಿದರೆ ಮಳೆ ಬರಲ್ಲ, ಶತ್ರು ಬರುತ್ತಾನೆ, ಜಾನುವಾರು ಸಾಯುತ್ತವೆ ಅಂತ ಯಾವ ಊರಲ್ಲಿ ಹೇಳಲ್ಲ ಹೇಳಿ? ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಅವರು ಯಾಜಕಕಾಂಡ ಓದಿರಲಿಲ್ಲ. ಪಟ್ಟಿ ಒಂದೇ ಥರ ಇದೆ ಅಂದ ಮಾತ್ರಕ್ಕೆ ಬೈಬಲಿನ ದನಿ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?

ಅಡಿಟಿಪ್ಪಣಿ:
ಪೆದ್ದು ಪ್ರಶ್ನೆ ಅಲ್ಲ ಸರ್, ಒಳ್ಳೆ ಪ್ರಶ್ನೆ. ಬರೀ ಬರ, ರೋಗ ಅಂತಿದ್ದರೆ ನೀವು ಹೇಳಿದ್ದೇ ಸರಿ ಆಗುತ್ತಿತ್ತು. ಆದರೆ ಸಂಖ್ಯೆ ಇಟ್ಟು ‘ಒಬ್ಬ ಹತ್ತು ಜನರನ್ನು’ ಅಂದಾಗ ಗುರುತು ಸಿಗುತ್ತದೆ. ಇನ್ನೊಂದು ಜಾಗ ನೋಡಿ. ಈಗ ಬಂಧು ಬಂಧುವನ್ನು ಕಾಯುವುದಿಲ್ಲ, ಅಪ್ಪ ಮಗನನ್ನು ಕಾಯುವುದಿಲ್ಲ, ಮಗ ಅಪ್ಪನನ್ನು ಕಾಯುವುದಿಲ್ಲ, ಅಣ್ಣ ತಮ್ಮನನ್ನು ಕಾಯುವುದಿಲ್ಲ ಅಂತ ಒಂದು ಸಾಲು ಬರುತ್ತದೆ. ಮಾರ್ಕ 13ರಲ್ಲಿ ಯೇಸು ಅಂತ್ಯಕಾಲದ ಬಗ್ಗೆ ಹೇಳುವಾಗ ಅಣ್ಣ ತಮ್ಮನನ್ನೂ, ಅಪ್ಪ ಮಗನನ್ನೂ ಸಾವಿಗೆ ಒಪ್ಪಿಸುವನು ಅನ್ನುತ್ತಾನೆ. ಅದೇ ಜೋಡಿಗಳು. ಪ್ರಸಂಗ ಶುರುವಾಗುವುದೇ ‘ಪ್ರಿಯ ಜನರೇ, ನಿಜ ತಿಳಿದುಕೊಳ್ಳಿ, ಈ ಲೋಕ ಅವಸರದಲ್ಲಿದೆ, ಅಂತ್ಯ ಹತ್ತಿರ ಬರುತ್ತಿದೆ’ ಅಂತ. ಹಿಂದೆಯೇ, ಲೋಕದ ಅಂತ್ಯಕ್ಕೆ ಮುಂಚೆ ಬರುತ್ತಾನೆ ಅನ್ನುವ ಕ್ರಿಸ್ತವಿರೋಧಿಯ ಮಾತು. ಹೀಗೆ ಚೌಕಟ್ಟು ಹಾಕಿದ ಮೇಲೆ ಅಪ್ಪ ಮಗನ ಮಾತು ಬಂದರೆ ಕೇಳುವವನ ತಲೆ ಎಲ್ಲಿಗೆ ಹೋಗುತ್ತದೆ ಹೇಳಿ.

ಕಡಲದಂಡೆ:
ನಾನು ಚರ್ಚಿಗೆ ಹೋಗುವ ಮನೆಯವಳು. ಚಿಕ್ಕವಳಿದ್ದಾಗಿನಿಂದ ಪ್ರಸಂಗ ಕೇಳಿಕೊಂಡೇ ಬೆಳೆದಿದ್ದು. ಒಂದು ಮಾತು ಸೇರಿಸುತ್ತೇನೆ. ಒಳ್ಳೆ ಬೋಧಕರು ವಚನದ ಸಂಖ್ಯೆ ಹೇಳುವುದು ಕಮ್ಮಿ. ‘ಪಾಪವು ಕೊಡುವ ಸಂಬಳ...’ ಅಂತ ನಿಲ್ಲಿಸುತ್ತಾರೆ, ‘ಮರಣ’ ಅಂತ ನಾವು ಮನಸ್ಸಲ್ಲೇ ಮುಗಿಸುತ್ತೇವೆ. ಕೇಳುವವರ ಬಾಯಲ್ಲಿ ಉಳಿದ ಅರ್ಧ ಇದ್ದರೆ ಮಾತ್ರ ಈ ಆಟ ನಡೆಯುತ್ತದೆ.

ಹಾಗಾದರೆ ನನ್ನ ಅನುಮಾನ ಇದು. 1014ರಲ್ಲಿ ಹಳ್ಳಿಯ ಜನಕ್ಕೆ ಬೈಬಲ್ ಓದೋಕೆ ಬರುತ್ತಿತ್ತಾ? ಲ್ಯಾಟಿನ್ ಗೊತ್ತಿತ್ತಾ? ಇಲ್ಲ ಅಂದಮೇಲೆ ಉಳಿದ ಅರ್ಧ ಯಾರ ಬಾಯಲ್ಲಿತ್ತು?

ಅಡಿಟಿಪ್ಪಣಿ:
ಮೇಡಂ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಹಳ್ಳಿಯವನಿಗೆ ಬೈಬಲ್ ಬಂದಿದ್ದು ಕಿವಿಯಿಂದ. ಅದರಲ್ಲಿ ಎಲ್ಫ್ರಿಕ್ ಎಂಬ ಸನ್ಯಾಸಿಯ ಪಾಲು ದೊಡ್ಡದು. 990ರ ದಶಕದ ಮೊದಲ ಭಾಗದಲ್ಲಿ ಅವನು ಎರಡು ಸಂಪುಟ ಪ್ರಸಂಗ ಬರೆದ, ಒಂದೊಂದರಲ್ಲೂ ಸುಮಾರು 40. ವರ್ಷದ ಹಬ್ಬಗಳಿಗೆ, ಭಾನುವಾರಗಳಿಗೆ ಬೇಕಾದ್ದು. ಎಲ್ಲ ಇಂಗ್ಲಿಷಿನಲ್ಲಿ. 1005ರಲ್ಲಿ ಐನ್‌ಶಮ್ ಮಠದ ಮುಖ್ಯಸ್ಥನಾದ.

ಅವನೇ ಮೋಶೆಯ ಪ್ರಾರ್ಥನೆಯ ಬಗ್ಗೆ ಒಂದು ಪ್ರಸಂಗ ಬರೆದಿದ್ದಾನೆ. ಅಮಾಲೇಕ್ಯರ ಮೇಲೆ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿ ನಿಂತಿದ್ದರೆ ಇಸ್ರಾಯೇಲ್ಯರಿಗೆ ಗೆಲುವು, ಕೈ ಸೋತು ಇಳಿದರೆ ಸೋಲು. ಆ ಕಥೆಯಿಂದ ಶುರು ಮಾಡಿ ನೇರ ತನ್ನ ನಾಡಿಗೆ ಬರುತ್ತಾನೆ. ಮಠಗಳಿಗೆ ಮರ್ಯಾದೆ ಇದ್ದಾಗ ಈ ದ್ವೀಪ ನೆಮ್ಮದಿಯಾಗಿತ್ತು, ಈಗ ಮಠ ಬಿದ್ದಿದೆ, ಆರಾಧನೆ ಅಂದರೆ ತಾತ್ಸಾರ, ಅದಕ್ಕೇ ರೋಗ, ಹಸಿವು, ಆಮೇಲೆ ಅನ್ಯಧರ್ಮದ ಸೈನ್ಯ. ಅದರ ಜತೆಗೇ ಯಾಜಕಕಾಂಡದ ಮಳೆಯ ಮಾತು. ಅಂದರೆ ವುಲ್ಫ್‌ಸ್ಟನ್ ಹೆಸರು ಹೇಳದೆ ಬಿಟ್ಟಿದ್ದನ್ನು ಇವನು ಹೆಸರು ಹಿಡಿದೇ ಹೇಳಿದ್ದ.

ಗಡಿನಾಡು:
ಇಲ್ಲಿ ಸ್ವಲ್ಪ ಜಗಳ ಆಡಲು ಬಂದಿದ್ದೇನೆ, ಬೇಜಾರಾಗಬೇಡಿ.

ಊರಿಗೆ ಬೆಂಕಿ ಬಿದ್ದಿದೆ. ಹೆಣ್ಣುಮಕ್ಕಳನ್ನು ಹೊತ್ತುಕೊಂಡು ಹೋಗಿದ್ದಾರೆ. ಆಗ ಒಬ್ಬ ಆರ್ಚ್‌ಬಿಷಪ್ ಎದ್ದು ನಿಂತು ‘ಇದೆಲ್ಲ ನಿಮ್ಮ ಪಾಪದ ಫಲ’ ಅನ್ನುತ್ತಾನೆ. ಪೆಟ್ಟು ತಿಂದವನಿಗೇ ಬೈಗುಳ. ನಾವು ಇಲ್ಲಿ ಕೂತು ‘ಆಹಾ, ಎಂಥ ಬೈಬಲಿನ ದನಿ’ ಅಂತ ಸವಿಯುತ್ತಿದ್ದೇವೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ‘ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ’ ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದ. ಅದು ಇವರ ಕಣ್ಣಿಗೆ ಬೀಳಲಿಲ್ಲವಾ?

ತುಂಗಾತೀರ:
ಗಡಿನಾಡು ಅವರ ಸಿಟ್ಟು ನನಗೂ ಮೊದಲು ಬಂದಿತ್ತು. ಆದರೆ ಪದ ಪದ ಬಿಡಿಸಿ ಓದುವಾಗ ಒಂದು ವಿಷಯ ಕಂಡಿತು. ಅವನು ‘ಪಾಪ’ ಅಂತ ಯಾವುದಕ್ಕೆ ಕರೆಯುತ್ತಾನೆ ಅಂತ ಪಟ್ಟಿ ಮಾಡಿದೆ.

ವಿಧವೆಯರನ್ನು ಬಲವಂತವಾಗಿ ಮದುವೆ ಮಾಡಿಸುತ್ತಾರೆ. ಬಡವರಿಗೆ ಮೋಸ ಮಾಡಿ, ಏನೂ ತಪ್ಪಿಲ್ಲದವರನ್ನು ಹೊರನಾಡಿನವರಿಗೆ ಮಾರುತ್ತಾರೆ. ಸಣ್ಣ ಕಳ್ಳತನಕ್ಕೆ ತೊಟ್ಟಿಲ ಮಗುವನ್ನೂ ದಾಸ್ಯಕ್ಕೆ ತಳ್ಳುತ್ತಾರೆ. ದಾಸರಿಗೆ ಇದ್ದ ಚೂರು ಹಕ್ಕನ್ನೂ ಕಿತ್ತುಕೊಳ್ಳುತ್ತಾರೆ. ಅಪ್ಪ ಮಗನನ್ನು ದುಡ್ಡಿಗೆ ಮಾರಿದ, ಮಗ ಅಮ್ಮನನ್ನು ಮಾರಿದ. ಇನ್ನೊಂದು ಜಾಗ ಬರೆಯಲು ಕೈ ಬರುವುದಿಲ್ಲ. ನಾಲ್ಕಾರು ಗಂಡಸರು ದುಡ್ಡು ಕೂಡಿಸಿ ಒಬ್ಬಳು ಹೆಣ್ಣನ್ನು ಕೊಳ್ಳುತ್ತಾರೆ, ಒಬ್ಬರಾದ ಮೇಲೆ ಒಬ್ಬರು, ನಾಯಿಗಳ ಹಾಗೆ. ಆಮೇಲೆ ದೇವರೇ ದುಡ್ಡು ತೆತ್ತು ಬಿಡಿಸಿಕೊಂಡ ಆ ಜೀವವನ್ನು ಶತ್ರುವಿನ ಕೈಗೆ ಮಾರಿಬಿಡುತ್ತಾರೆ.

ಇವೆಲ್ಲ ಪೆಟ್ಟು ತಿಂದವರ ಪಾಪ ಅಲ್ಲ. ಬಲ ಇದ್ದವರ ಪಾಪ. ಬೇಲಿಯೇ ಎದ್ದು ಹೊಲ ಮೇಯ್ದಿದ್ದು. ಪ್ರವಾದಿಗಳ ದನಿ ಇರುವುದು ಇಲ್ಲೇ ಅಂತ ಈಗ ಅನ್ನಿಸುತ್ತಿದೆ. ಯೆಶಾಯ, ಯೆರೆಮೀಯ ಇಬ್ಬರೂ ಮತ್ತೆ ಮತ್ತೆ ವಿಧವೆ, ಅನಾಥ ಅಂತಲೇ ಹೇಳುವುದು.

ಗಡಿನಾಡು:
ಒಪ್ಪುತ್ತೇನೆ, ಅರ್ಧ. ಮಾರಿದವನ ಪಾಪಕ್ಕೆ ಮಾರಿಸಿಕೊಂಡವಳ ಮನೆಯೂ ಸುಟ್ಟಿತಲ್ಲ, ಅದಕ್ಕೆ ಉತ್ತರ ಇಲ್ಲ.

ಅಡಿಟಿಪ್ಪಣಿ:
ಅದಕ್ಕೆ ವುಲ್ಫ್‌ಸ್ಟನ್ ಹತ್ತಿರ ಉತ್ತರ ಇಲ್ಲ, ನಿಜ. ಅವನಿಗೆ ಲೆಕ್ಕ ಇಡೀ ಜನಾಂಗದ್ದು, ಒಬ್ಬೊಬ್ಬರದ್ದಲ್ಲ. ಹಳೆ ಒಡಂಬಡಿಕೆಯ ಇಸ್ರಾಯೇಲ್ ಜಾಗದಲ್ಲಿ ‘ಇಂಗ್ಲಿಷ್ ಜನ’ವನ್ನು ಕೂರಿಸಿದ್ದಾನೆ. ಎಲ್ಫ್ರಿಕ್ ಸ್ವಲ್ಪ ಬೇರೆ. ಯೋಬನ ಬಗ್ಗೆ ಅವನ ಒಂದು ಪ್ರಸಂಗ ಇದೆ. ಯೋಬನಿಗೆ ಬಂದ ಕಷ್ಟ ಪಾಪದ ಶಿಕ್ಷೆ ಅಲ್ಲ, ಪರೀಕ್ಷೆ. ಅಂದರೆ ಕಷ್ಟ ಕಂಡ ಕೂಡಲೇ ಪಾಪ ಹುಡುಕಬಾರದು ಅನ್ನುವುದು ಅವರಿಗೂ ಗೊತ್ತಿತ್ತು. ಯಾವ ದಿನ ಯಾವ ಪುಸ್ತಕ ತೆಗೆಯಬೇಕು ಅನ್ನುವುದೇ ಪ್ರಶ್ನೆ. 1014 ಯೋಬನ ಪುಸ್ತಕ ತೆಗೆಯುವ ವರ್ಷ ಅಂತ ವುಲ್ಫ್‌ಸ್ಟನ್‌ಗೆ ಅನ್ನಿಸಲಿಲ್ಲ.

ಕಡಲದಂಡೆ:
ಯೋನನ ಪುಸ್ತಕವೂ ಇದೆಯಲ್ಲ. ನಿಮ್ಮ ಪಟ್ಟಣ ನಾಶವಾಗುತ್ತದೆ ಅಂತ ಯೋನ ಸಾರಿದಾಗ ನಿನೆವೆಯವರು ಗೋಣಿತಟ್ಟು ಉಟ್ಟು ಉಪವಾಸ ಮಾಡಿದರು, ದೇವರು ಮನಸ್ಸು ಬದಲಿಸಿದ. ಬೆದರಿಕೆಯ ಜತೆ ಒಂದು ಬಾಗಿಲೂ ಇರಬೇಕು. ಇಲ್ಲದಿದ್ದರೆ ಪ್ರಸಂಗ ಕೇಳಿ ಏನು ಪ್ರಯೋಜನ?

ಅಡಿಟಿಪ್ಪಣಿ:
ಎಲ್ಫ್ರಿಕ್ ಅದನ್ನೂ ಬಿಟ್ಟಿಲ್ಲ ಮೇಡಂ. ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚೆ ಮೂರು ದಿನ ಉಪವಾಸ, ಮೆರವಣಿಗೆ ಇರುತ್ತಿತ್ತು. ಆ ದಿನಗಳ ಪ್ರಸಂಗದಲ್ಲಿ ನಿನೆವೆಯ ಕಥೆ ಪೂರ್ತಿ ಹೇಳುತ್ತಾನೆ.

ಇದು ಬರೀ ಬಾಯಿಮಾತಾಗಿ ಉಳಿಯಲಿಲ್ಲ ಅನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ. 1009ರಲ್ಲಿ ದೊಡ್ಡ ಡೇನಿಷ್ ಸೈನ್ಯ ಬಂದಿಳಿಯಿತು. ಆಗ ರಾಜ ಎಥೆಲ್ರೆಡ್ ಹೆಸರಲ್ಲಿ ಒಂದು ಆಜ್ಞೆ ಹೊರಟಿತು. ಅದರ ಭಾಷೆಯಲ್ಲಿ ವುಲ್ಫ್‌ಸ್ಟನ್‌ನ ಕೈ ಎದ್ದು ಕಾಣುತ್ತದೆ. ಸಂತ ಮಿಕಾಯೇಲನ ಹಬ್ಬಕ್ಕೆ ಮುಂಚಿನ ಸೋಮವಾರ, ಮಂಗಳವಾರ, ಬುಧವಾರ ಇಡೀ ನಾಡು ಉಪವಾಸ ಮಾಡಬೇಕು. ರೊಟ್ಟಿ, ಸೊಪ್ಪು, ನೀರು ಮಾತ್ರ. ಎಲ್ಲರೂ ಬರಿಗಾಲಲ್ಲಿ ಚರ್ಚಿಗೆ ಹೋಗಬೇಕು, ಚಿನ್ನ ಹಾಕಬಾರದು. ದಾಸರಿಗೆ ಆ ಮೂರು ದಿನ ಕೆಲಸದಿಂದ ಬಿಡುವು, ಅವರೂ ಉಪವಾಸ ಇರಲಿ ಅಂತ. ಮುರಿದರೆ ಮಾತ್ರ ದಾಸನಿಗೆ ಚಾಟಿ ಏಟು, ಉಳಿದವರಿಗೆ ದಂಡ. ಮಠಗಳಲ್ಲಿ ಮೂರನೇ ಕೀರ್ತನೆ ಹಾಡಬೇಕು, ‘ಯೆಹೋವನೇ, ನನ್ನ ವೈರಿಗಳು ಎಷ್ಟು ಹೆಚ್ಚಿದ್ದಾರೆ’ ಅನ್ನುವುದು.

ನಿನೆವೆಯ ಅರಸನ ಆಜ್ಞೆಯೇ ಅದು. ಯೋನನ ಪುಸ್ತಕದಲ್ಲಿ ಅರಸ ಸಿಂಹಾಸನದಿಂದ ಇಳಿದು ದನಕರುಗಳಿಗೂ ಉಪವಾಸ ಹೇಳಿದ ಹಾಗೆ, ಇಲ್ಲಿ ಪ್ರಸಂಗ ಕಾನೂನಾಗಿ ಬಂತು. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ಹೊಸ ಬೆಳ್ಳಿ ನಾಣ್ಯವನ್ನೂ ಹೊಡೆಸಿದರು. ಒಂದು ಬದಿ ರಾಜನ ಮುಖ ಇರಬೇಕಾದ ಜಾಗದಲ್ಲಿ ಕ್ರಿಸ್ತನ ಗುರುತಾದ ದೇವರ ಕುರಿಮರಿ, ಇನ್ನೊಂದು ಬದಿ ಪವಿತ್ರಾತ್ಮನ ಗುರುತಾದ ಪಾರಿವಾಳ. ಈಗ ಉಳಿದಿರುವುದು ತೀರಾ ಕಮ್ಮಿ.

ಸುಮ್ನೆಓದುಗ:
ರಾಜನ ಮುಖ ತೆಗೆದು ಕುರಿಮರಿ! ಇದು ಗೊತ್ತೇ ಇರಲಿಲ್ಲ. ಫಲ ಸಿಕ್ಕಿತಾ?

ಅಡಿಟಿಪ್ಪಣಿ:
ಇಲ್ಲ ಸರ್. 1012ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಲ್ಫೆಯಾನನ್ನೇ ಕೊಂದರು. ಆ ವರ್ಷ ಡೇನರಿಗೆ ಕೊಟ್ಟ ಕಪ್ಪ 48,000 ಪೌಂಡ್ ಅಂತ ಇಂಗ್ಲಿಷರದೇ ವೃತ್ತಾಂತ ಹೇಳುತ್ತದೆ. 1013ರ ಕೊನೆಗೆ ರಾಜನೇ ನಾರ್ಮಂಡಿಗೆ ಓಡಿದ. ತೋಳನ ಮಾತು ಬಂದಿದ್ದು ಇದೆಲ್ಲ ಆದ ಮೇಲೆ.

ಯಕ್ಷಪ್ರೇಮಿ:
ನನಗೆ ನರಕದ ವಿಷಯ ಬೇಕು. ಇಷ್ಟು ಹೊತ್ತು ಕೂತಿದ್ದಕ್ಕೆ ಒಂದು ನರಕವರ್ಣನೆ ಆದರೂ ಕೊಡಿ.

ತುಂಗಾತೀರ:
ಅದು ನನ್ನ ಹತ್ತಿರ ಇದೆ. ವುಲ್ಫ್‌ಸ್ಟನ್ ನರಕದಲ್ಲಿ ಜಾಸ್ತಿ ಹೊತ್ತು ನಿಲ್ಲುವವನಲ್ಲ. ಅವನಿಗಿಂತ ಹಿಂದಿನ, ಬರೆದವರ ಹೆಸರಿಲ್ಲದ ಪ್ರಸಂಗಗಳಲ್ಲಿ ಹುಡುಕಬೇಕು. ಎರಡು ದೊಡ್ಡ ಸಂಗ್ರಹಗಳಿವೆ. ಬ್ಲಿಕ್ಲಿಂಗ್ ಪ್ರಸಂಗಗಳಲ್ಲಿ ಒಂದರೊಳಗೇ 971 ಅಂತ ಇಸವಿ ಹೇಳಿದೆ. ಇನ್ನೊಂದು ವೆರ್ಚೆಲ್ಲಿ ಪುಸ್ತಕ, 23 ಪ್ರಸಂಗ, ಆರು ಪದ್ಯ. ಇಂಗ್ಲಿಷಿನ ಪುಸ್ತಕ ಇಟಲಿಯ ಊರಲ್ಲಿ ಹೋಗಿ ಕೂತಿದೆ, ಇವತ್ತಿಗೂ ಅಲ್ಲೇ.

ಬ್ಲಿಕ್ಲಿಂಗ್‌ನ ಮಿಕಾಯೇಲನ ಹಬ್ಬದ ಪ್ರಸಂಗದ ಕೊನೆಗೆ ಸಂತ ಪೌಲ ಬಡಗು ದಿಕ್ಕಿಗೆ ನೋಡುತ್ತಾನೆ. ನೀರಿನ ಮೇಲೆ ಬೂದು ಬಣ್ಣದ ಬಂಡೆ. ಅದರ ಬಡಗಲಿಗೆ ಮಂಜು ಹಿಡಿದ ಕಾಡು. ಹಿಮಗಟ್ಟಿದ ಮರಗಳಿಗೆ ಕಪ್ಪು ಆತ್ಮಗಳು ಕೈ ಕಟ್ಟಿ ನೇತು ಬಿದ್ದಿವೆ. ಕೆಳಗೆ ನೀರಲ್ಲಿ ರಾಕ್ಷಸಜಂತುಗಳು ಬಾಯಿ ತೆರೆದುಕೊಂಡು ಕಾದಿವೆ. ಕೊಂಬೆ ಮುರಿಯುತ್ತದೆ, ಆತ್ಮ ಬೀಳುತ್ತದೆ.

ಹಳೆಯ ಇಂಗ್ಲಿಷಿನ ವೀರಕಾವ್ಯ ‘ಬೇವುಲ್ಫ್’ ಓದಿದವರಿಗೆ ಈ ಜಾಗ ಗೊತ್ತು. ಅದರಲ್ಲಿ ಗ್ರೆಂಡೆಲ್ ಎಂಬ ರಾಕ್ಷಸನ ತಾಯಿ ಇರುವ ಮಡು ಹೀಗೇ ಇದೆ. ಯಾರು ಯಾರಿಂದ ತೆಗೆದುಕೊಂಡರು ಅಂತ ವಿದ್ವಾಂಸರು ಕಿತ್ತಾಡುತ್ತಲೇ ಇದ್ದಾರೆ. ಎರಡಕ್ಕೂ ಹಿಂದೆ ‘ಪೌಲನ ದರ್ಶನ’ ಎಂಬ ಬರಹ ಇದೆ. ಅದು ಬೈಬಲ್ ಅಲ್ಲ, ಬೈಬಲಿನ ಪಕ್ಕದ ಮನೆ. ಆಗಿನ ಕೇಳುಗನಿಗೆ ಗೋಡೆ ಎಲ್ಲಿದೆ ಅಂತ ಕಾಣುತ್ತಿರಲಿಲ್ಲ. ಎಲ್ಫ್ರಿಕ್‌ಗೆ ಮಾತ್ರ ಕಾಣುತ್ತಿತ್ತು, ಈ ಪೌಲನ ದರ್ಶನವನ್ನು ಸುಳ್ಳು ಬರಹ ಅಂತ ಬೈದಿದ್ದಾನೆ.

ವೆರ್ಚೆಲ್ಲಿಯ ಒಂದು ಪ್ರಸಂಗದಲ್ಲಿ ನರಕದ ನೋವನ್ನು ಹೇಳಿ ಮುಗಿಸಲು ಕಬ್ಬಿಣದ ದನಿ, ಹಲವು ತಲೆ ನಾಲಿಗೆ ಇದ್ದವರಿಗೂ ಆಗದು ಅಂತ ಬರುತ್ತದೆ. ಓದುವಾಗ ನನಗೆ ನಮ್ಮ ಸಾವಿರ ನಾಲಿಗೆಯ ಆದಿಶೇಷ ನೆನಪಾದ. ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.

ಯಕ್ಷಪ್ರೇಮಿ:
ಸಾಕು, ತೃಪ್ತಿಯಾಯಿತು. ರಾತ್ರಿ ನಿದ್ದೆ ಹಾಳು.

ಕಡಲದಂಡೆ:
ಬಡಗು ಅಂದಾಗ ನೆನಪಾಯಿತು. ಯೆರೆಮೀಯ 1ರಲ್ಲಿ ಕುದಿಯುವ ಹಂಡೆ ಕಾಣುತ್ತದೆ, ಬಡಗಲಿಂದ ಕೇಡು ಬರುತ್ತದೆ ಅಂತ ದೇವರು ಹೇಳುತ್ತಾನೆ. ಡೇನರು ಬಂದಿದ್ದೂ ಬಡಗಲಿಂದಲೇ ಅಲ್ವಾ? ಇದನ್ನು ಯಾರೂ ಬಳಸಿಕೊಳ್ಳಲಿಲ್ಲವಾ?

ಅಡಿಟಿಪ್ಪಣಿ:
ಬಳಸಿಕೊಂಡರು, ಅದೂ 200 ವರ್ಷ ಮುಂಚೆಯೇ. 793ರ ಜೂನ್ 8ರಂದು ವೈಕಿಂಗರು ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿದರು. ಆಗ ಆಲ್ಕ್ವಿನ್ ಎಂಬ ಯಾರ್ಕಿನ ವಿದ್ವಾಂಸ ಷಾರ್ಲಮಾನ್ ದೊರೆಯ ಬಳಗದವನಾಗಿದ್ದ. ಅವನು ಬರೆದ ಕಾಗದಗಳಲ್ಲಿ ಇದೇ ಯೆರೆಮೀಯನ ಮಾತು ಬರುತ್ತದೆ. ಇನ್ನೊಂದು ಕಾಗದದಲ್ಲಿ ಗಿಲ್ಡಾಸ್‌ನ ಹೆಸರು ತೆಗೆಯುತ್ತಾನೆ. ಗಿಲ್ಡಾಸ್ 6ನೇ ಶತಮಾನದ ಬ್ರಿಟನ್ ಪಾದ್ರಿ. ಬ್ರಿಟನ್ನರು ಪಾಪದಿಂದ ನಾಡು ಕಳೆದುಕೊಂಡರು ಅಂತ ಬರೆದವನು. ವುಲ್ಫ್‌ಸ್ಟನ್ ಈ ಗಿಲ್ಡಾಸ್‌ನ ಮಾತನ್ನು ಆಲ್ಕ್ವಿನ್‌ನ ಕಾಗದದಿಂದ ಎತ್ತಿಕೊಂಡು ತನ್ನ ಪ್ರಸಂಗದ ಕೊನೆಯ ಕಡೆ ಇಟ್ಟ. ಇಡೀ ಪ್ರಸಂಗದಲ್ಲಿ ಹೆಸರು ಹೇಳಿ ಆಧಾರ ಕೊಡುವುದು ಇಲ್ಲಿ. ಅದು ಪ್ರವಾದಿಯ ಹೆಸರಲ್ಲ, ಗಿಲ್ಡಾಸ್‌ನ ಹೆಸರು.

ತುಂಗಾತೀರ:
ಒಂದು ನಿಮಿಷ. ಬ್ರಿಟನ್ನರ ನಾಡನ್ನು ಕಿತ್ತುಕೊಂಡವರು ಯಾರು? ಇದೇ ಇಂಗ್ಲಿಷರ ಪೂರ್ವಜರು ತಾನೇ?

ಅಡಿಟಿಪ್ಪಣಿ:
ಹೌದು! ಅಲ್ಲೇ ಇರುವುದು ಚುಚ್ಚು. ಆಗ ದೇವರ ಕೈಯ ಕೋಲು ನಾವಾಗಿದ್ದೆವು, ಈಗ ಬೆನ್ನು ನಮ್ಮದು, ಕೋಲು ಡೇನರು. ಯೆಶಾಯ 10ರಲ್ಲಿ ದೇವರು ಇಸ್ರಾಯೇಲ್ಯರ ಮೇಲೆ ಬಿದ್ದ ಅಶ್ಶೂರ ರಾಜ್ಯವನ್ನು ನನ್ನ ಕೋಪದ ಕೋಲು ಅಂತ ಕರೆದು, ಕೆಲಸ ಮುಗಿದ ಮೇಲೆ ಆ ಕೋಲಿಗೂ ಶಿಕ್ಷೆ ಕೊಡುತ್ತಾನಲ್ಲ, ಅದೇ ತರ್ಕ.

ಗಡಿನಾಡು:
ಈ ತರ್ಕ ಇಷ್ಟವಾಯಿತು. ಸಿಟ್ಟು ಸ್ವಲ್ಪ ಇಳಿಯಿತು.

ಕಡಲದಂಡೆ:
ತುಂಗಾತೀರ ಅವರೇ, ಅದರ ಸದ್ದು ಹೇಗಿದೆ? ಪ್ರಸಂಗ ಅಂದಮೇಲೆ ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದು ಮುಖ್ಯ.

ತುಂಗಾತೀರ:
ಗಟ್ಟಿಯಾಗಿ ಓದಿ ನೋಡಿ. ‘ಹೆರೆ ಅಂಡ್ ಹುಂಗೊರ್, ಬ್ರೂನೆ ಅಂಡ್ ಬ್ಲೋಡ್‌ಗುಟೆ’. ದಂಡು ಮತ್ತು ಹಸಿವು, ಬೆಂಕಿ ಮತ್ತು ರಕ್ತಪಾತ. ಮೊದಲ ಅಕ್ಷರ ಜೋಡಿ ಜೋಡಿಯಾಗಿ ಬಡಿಯುತ್ತದೆ. ಹಿಂದೆಯೇ ‘ಸ್ತಾಲು ಅಂಡ್ ಕ್ವಾಲು’, ಕಳವು ಮತ್ತು ಕೊಲೆ. ಇಲ್ಲಿ ಪ್ರಾಸ ಕೊನೆಗೆ. ಕನ್ನಡದಲ್ಲಿ ‘ಕಳವು ಕೊಲೆ’ ಅಂದರೆ ತಲೆಯ ಕ ಮಾತ್ರ ಸಿಗುತ್ತದೆ, ಬಾಲ ಸಿಗುವುದಿಲ್ಲ. ಶಾಪದ ಪಟ್ಟಿ ಬೈಬಲಿನದ್ದು, ಬಡಿತ ಮಾತ್ರ ಪಕ್ಕಾ ಇಂಗ್ಲಿಷಿನದ್ದು. ಅದಕ್ಕೇ ನನ್ನ ಪೆನ್ಸಿಲ್‌ಗೆ ಸಿಗಲಿಲ್ಲ ಅಂತ ಕಾಣುತ್ತದೆ.

ಸುಮ್ನೆಓದುಗ:
ಕೊನೆಗೆ ಏನಾಯಿತು? ಡೇನರು ಹೋದರಾ?

ಅಡಿಟಿಪ್ಪಣಿ:
ಹೋಗಲಿಲ್ಲ, ಗೆದ್ದರು. 1016ರಲ್ಲಿ ಡೇನರ ಕ್ನೂಟ್ ಇಂಗ್ಲೆಂಡಿನ ರಾಜನಾದ. ಅವನಿಗೆ ಕಾನೂನು ಬರೆದುಕೊಟ್ಟವನು ಯಾರು ಗೊತ್ತಾ? ಇದೇ ವುಲ್ಫ್‌ಸ್ಟನ್. ಕೋಲಿನ ಕೈಗೇ ಶಾಸ್ತ್ರ ಕೊಟ್ಟ. ಆ ಕಾನೂನಿನಲ್ಲಿ ಬಿಷಪ್ಪರು ಕುರುಬರ ಹಾಗೆ ಮಂದೆ ಕಾಯಬೇಕು, ಹುಚ್ಚು ಹಿಡಿದ ‘ವೆರೆವುಲ್ಫ್’ ಒಳಗೆ ನುಗ್ಗದ ಹಾಗೆ ನೋಡಿಕೊಳ್ಳಬೇಕು ಅಂತ ಒಂದು ಮಾತಿದೆ. ಅಲ್ಲಿ ಆ ನರತೋಳ ಅಂದರೆ ಸೈತಾನ. ಇಂಗ್ಲಿಷಿನಲ್ಲಿ ಆ ಪದ ಮೊದಲು ಕಾಣಿಸುವುದು ಅಲ್ಲೇ. ತನ್ನನ್ನು ತೋಳ ಅಂತ ಕರೆದುಕೊಂಡವನು ಅದನ್ನು ಬರೆಯುವಾಗ ನಕ್ಕನೋ ಇಲ್ಲವೋ.

ತುಂಗಾತೀರ:
ಹಸ್ತಪ್ರತಿಗಳ ಬಗ್ಗೆ ಕೇಳುವುದಿತ್ತು. ನನ್ನ ಪಠ್ಯದಲ್ಲಿ ಎಥೆಲ್ರೆಡ್‌ನನ್ನು ನಾಡಿನಿಂದ ಓಡಿಸಿದರು ಅನ್ನುವ ಸಾಲು ಕಂಸದೊಳಗೆ ಇದೆ. ಯಾಕೆ?

ಅಡಿಟಿಪ್ಪಣಿ:
ಐದು ಹಸ್ತಪ್ರತಿ ಉಳಿದಿವೆ, ಉದ್ದಗಿಡ್ಡ ಸೇರಿ ಮೂರು ರೂಪ. ಆ ಸಾಲು ಎಲ್ಲದರಲ್ಲೂ ಇಲ್ಲ. ಕ್ನೂಟನ ಕಾಲದಲ್ಲಿ ಅದನ್ನು ಓದುವುದು ಮುಜುಗರ ಅಂತ ಕೈಬಿಟ್ಟರು ಅಂತ ಕೆಲವರ ಊಹೆ. ಚಿಕ್ಕ ರೂಪ ಬೆಳೆದು ದೊಡ್ಡದಾಯಿತೋ, ದೊಡ್ಡದನ್ನು ಕತ್ತರಿಸಿದರೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿರುವ ಪ್ರತಿಯಲ್ಲಿ ವುಲ್ಫ್‌ಸ್ಟನ್ ತಾನೇ ಮಾಡಿದ ತಿದ್ದುಪಡಿಗಳಿವೆ. ಅದರ ಫೋಟೊ ಸಿಕ್ಕರೆ ಅಂಚು, ಸಾಲಿನ ಸಂದು ಬಿಡದೆ ನೋಡಿ.

ತುಂಗಾತೀರ:
ನೋಡುತ್ತೇನೆ. ಮೊದಲು ಯಾಜಕಕಾಂಡ 26 ಪಕ್ಕಕ್ಕಿಟ್ಟುಕೊಂಡು ಪೆನ್ಸಿಲ್ ಗೆರೆಗಳನ್ನು ಅಳಿಸಿ ಮತ್ತೆ ಶುರು ಮಾಡಬೇಕು. ಭಾನುವಾರ ಮುಗಿದರೆ ಇಲ್ಲೇ ಹಾಕುತ್ತೇನೆ.